ಪಂಗ್ಲಿಮಾ ಸೋತ ಶುಕ್ರವಾರ

ಮಾಕ್ ತೆ ನಮ್ಮ ಮನೆಗೆ ಬಂದರೆ ಮೊದಲು ಅನ್ನದ ಪಾತ್ರೆಯ ಮುಚ್ಚಳ ತೆಗೆದು ನೋಡುತ್ತಾಳೆ, ಆಮೇಲೆ ನನ್ನ ಮುಖ ನೋಡುತ್ತಾಳೆ. ಆ ದಿನ ಮುಚ್ಚಳ ಮುಟ್ಟಲಿಲ್ಲ. ನೇರವಾಗಿ ಬಂದು ಚಾಪೆಯ ಮೇಲೆ ಕೂತು, ವೀಳ್ಯದ ಡಬ್ಬಿ ತೆಗೆದು, ಎಲೆಗೆ ಸುಣ್ಣ ಹಚ್ಚುತ್ತಾ, "ನೋಡು ಮೂನಾ, ನಂಗೆ ಸುತ್ತಿ ಬಳಸಿ ಮಾತಾಡೋಕೆ ಬರಲ್ಲ" ಅಂದಳು. ಅವಳು ಸುತ್ತಿ ಬಳಸದೆ ಮಾತಾಡಿದ್ದನ್ನು ನಮ್ಮ ಹಳ್ಳಿಯಲ್ಲಿ ಯಾರೂ ಕೇಳಿಲ್ಲ. ನಾನು ಒಲೆ ಸಣ್ಣ ಮಾಡಿ ಬಂದು ಎದುರಿಗೆ ಕೂತೆ.

ವಿಷಯ ಇಷ್ಟೇ. ಅವಳ ತಮ್ಮ ಮಿಯೋರ್, ಸಂತೆಯ ಪಕ್ಕದ ಕ್ಷೌರದಂಗಡಿಯವರು, ನನ್ನನ್ನು ಮದುವೆಯಾಗಬೇಕು ಅಂತಿದ್ದಾರೆ.

"ಅವನ ಹೆಂಡ್ತಿ ಹೋಗಿ ಹತ್ತು ವರ್ಷ ಆಯ್ತು. ನಿನ್ನ ಗಂಡ ಹೋಗಿ ನಾಲ್ಕು. ಅವನಿಗೆ ಅವನ ಕತ್ತರಿ ಇದೆ, ನಿಂಗೆ ನಿನ್ನ ನಾಸಿ ಲೆಮಾಕ್ ಅನ್ನದ ವ್ಯಾಪಾರ ಇದೆ. ಯಾರೂ ಯಾರ ಮೇಲೂ ಬೀಳಲ್ಲ. ನಾಡಿದ್ದು ಶುಕ್ರವಾರ ಉಂಗುರ ತಗೊಂಡು ಬರ್ತೀನಿ. ಅಷ್ಟರೊಳಗೆ ಹೂಂ ಅನ್ನು, ಇಲ್ಲಾ ಊಹೂಂ ಅನ್ನು."

"ಅವರು ನನ್ನ ಕಾಕ್ ಮೂನಾ ಅಂತಾರೆ. ಅಕ್ಕ ಅಂದವಳನ್ನೇ ಕಟ್ಕೊಳ್ತಾರಂತಾ?"

"ನಾನೂ ಅದನ್ನೇ ಬೈದೆ. ಆರು ವರ್ಷ ಚಿಕ್ಕವಳನ್ನ ಅಕ್ಕ ಅಂತೀಯಲ್ಲೋ ಪೆದ್ದ, ಅಂತ. ಗೆಳೆಯನ ಹೆಂಡ್ತಿ, ಮರ್ಯಾದೆ ಕೊಡ್ಬೇಕಲ್ಲ ಅಂತಾನೆ. ಅವನ ಮರ್ಯಾದೆಗಿಷ್ಟು ಬೆಂಕಿ ಹಾಕ."

ನಾನು ನಕ್ಕೆ. ಸುಳ್ಳು ಯಾಕೆ ಹೇಳಲಿ, ಸಂತೋಷವಾಗಿತ್ತು. ಐವತ್ತನಾಲ್ಕು ವರ್ಷದವಳನ್ನು ಕೇಳಿಕೊಂಡು ಬರುತ್ತಾರೆ ಅಂದರೆ ಯಾರಿಗೆ ತಾನೆ ಖುಷಿಯಾಗುವುದಿಲ್ಲ. ಅದರಲ್ಲೂ ಮಿಯೋರ್ ಒಳ್ಳೆಯವರು, ಕೈ ಶುದ್ಧ, ಬಾಯಿ ಶುದ್ಧ, ಅಂಗಿ ಯಾವಾಗಲೂ ಇಸ್ತ್ರಿ. ಆದರೆ ಮಾಕ್ ತೆ ಮೆಟ್ಟಿಲಿಳಿದು ಹೋದ ಮೇಲೆ ನಗು ನಿಂತುಹೋಯಿತು. ಆ ಮನುಷ್ಯನಿಗೂ ನನ್ನ ಗಂಡ ಬಿದಿನ್ ಅವರಿಗೂ ಮೂವತ್ತು ವರ್ಷದ ಗೆಳೆತನ ಇತ್ತು. ಅದು ಒಂದೇ ದಿನದಲ್ಲಿ ಮುರಿದು ಬಿತ್ತು. ಮುರಿದವಳು ನಾನು. ಅದು ನನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

ಎಲ್ಲದಕ್ಕೂ ಮೂಲ ಹುಲಿಜೇಡ.

ನಮ್ಮ ಕಡೆ ಹುಲಿಜೇಡ ಅಂದರೆ ಬಲೆ ಕಟ್ಟಿ ಮೂಲೆಯಲ್ಲಿ ತೂಗಾಡುವ ಜೇಡ ಅಲ್ಲ. ಇದು ನೆಗೆಯುವ ಜಾತಿ. ಬೆರಳಿನ ಉಗುರಿನಷ್ಟು ದೊಡ್ಡದು, ಕಪ್ಪು ಮೈ, ಬೆನ್ನ ಮೇಲೆ ನೀಲಿಯೋ ಹಸಿರೋ ಹೇಳಲಾಗದ ಹೊಳೆಯುವ ಪಟ್ಟೆ. ಗಂಡಿಗೆ ಮುಂಗಾಲು ದಪ್ಪ. ಎರಡು ಗಂಡು ಎದುರಾದರೆ ಮುಂಗಾಲು ಅಗಲಿಸಿ ಕುಸ್ತಿ ಪೈಲ್ವಾನರ ಹಾಗೆ ನಿಲ್ಲುತ್ತವೆ, ಸುತ್ತುತ್ತವೆ, ಆಮೇಲೆ ಬಾಯಿಗೆ ಬಾಯಿ ಕಚ್ಚಿ ತಳ್ಳಾಡುತ್ತವೆ. ಒಂದು ತಿರುಗಿ ಓಡಿದರೆ ಆಟ ಮುಗಿಯಿತು. ಸಾಯುವುದು ಗೀಯುವುದು ಇಲ್ಲ. ಬೇರೆ ಕಡೆ ಈ ಆಟ ಮಕ್ಕಳು ಆಡುತ್ತಾರೆ. ನಮ್ಮ ಹಳ್ಳಿಯಲ್ಲಿ ಮೊಮ್ಮಕ್ಕಳಿರುವ ಗಂಡಸರು ಶುಕ್ರವಾರದ ನಮಾಜು ಮುಗಿಸಿ, ಟೋಪಿ ಕೂಡ ತೆಗೆಯದೆ, ಮಿಯೋರ್ ಅಂಗಡಿಯ ಜಗಲಿಯಲ್ಲಿ ಒಂದು ಎನಾಮಲ್ ತಟ್ಟೆ ಕವುಚಿ ಹಾಕಿ ಸುತ್ತ ಕೂರುತ್ತಿದ್ದರು.

ಪಂದ್ಯಕ್ಕೆ ದುಡ್ಡು ಕಟ್ಟಬಾರದು ಅಂತ ಇಮಾಮರು ಕಟ್ಟುನಿಟ್ಟಾಗಿ ಹೇಳಿದ್ದರು. ಹಾಗಾಗಿ ಬೇರೆ ಏರ್ಪಾಡು. ಮಿಯೋರ್ ಜೇಡ ಸೋತರೆ ಅಲ್ಲಿ ಕೂತವರಿಗೆಲ್ಲ ಪುಕ್ಕಟೆ ಗಡ್ಡ ಕೆರೆಯಬೇಕು. ಬಿದಿನ್ ಜೇಡ ಸೋತರೆ ಎಲ್ಲರಿಗೂ ಒಂದೊಂದು ಪೊಟ್ಟಣ ನಾಸಿ ಲೆಮಾಕ್ ಕೊಡಬೇಕು. ಗೆದ್ದರೆ ಹೆಸರು ಅವರಿಗೆ, ಸೋತರೆ ತೆಂಗಿನಕಾಯಿ ತುರಿದು ಹಾಲು ಹಿಂಡುವುದು ನಾನು. "ಸೋಲೋದಿದ್ರೆ ಬುಧವಾರವೇ ಹೇಳಿಬಿಡಿ, ಕಾಯಿ ತರಿಸಿಡ್ತೀನಿ" ಅಂತ ಚುಚ್ಚುತ್ತಿದ್ದೆ. ಬಿದಿನ್ ನಗುತ್ತಿದ್ದರು. ಅವರು ಹಾಲಿಗಾಗಿ ರಬ್ಬರ್ ಮರ ಕೆತ್ತುವವರು. ಮಾತು ಕಡಿಮೆ, ನಗು ಜಾಸ್ತಿ.

ನಮ್ಮ ಮನೆ ಮುಂದಿನ ದಾಸವಾಳದ ಬೇಲಿಯಲ್ಲಿ ಸಿಗುವಂಥ ಜೇಡ ಇಡೀ ಹೊಳೆದಂಡೆಯಲ್ಲಿ ಸಿಗುವುದಿಲ್ಲ. ಎಲೆ ಮೇಲೊಂದು ಎಲೆ ಅಂಟಿಕೊಂಡಿದ್ದರೆ ಒಳಗೆ ಹುಲಿ ಮಲಗಿದೆ ಅಂತ ಲೆಕ್ಕ. ಎರಡು ಅಂಗೈ ಬೊಗಸೆ ಮಾಡಿ ಎಲೆ ಸಮೇತ ಹಿಡಿಯಬೇಕು. ಒತ್ತಿದರೆ ಸತ್ತಿತು, ಸಡಿಲ ಬಿಟ್ಟರೆ ನೆಗೆಯಿತು. ಈ ವಿದ್ಯೆ ನನಗೂ ಬಂದಿತ್ತು. ಮೂವತ್ತು ವರ್ಷ ಜೇಡದ ಜೊತೆ ಸಂಸಾರ ಮಾಡಿದರೆ ಬಾರದೆ ಇರುತ್ತದೆಯೇ.

ಪಂಗ್ಲಿಮಾ ಸಿಕ್ಕಿದ್ದೂ ಆ ಬೇಲಿಯಲ್ಲೇ. ಪಂಗ್ಲಿಮಾ ಅಂದರೆ ದಂಡನಾಯಕ. ಬಿದಿನ್ ಇಟ್ಟ ಹೆಸರು. ಸತತ ಏಳು ಶುಕ್ರವಾರ ಗೆದ್ದ ಜೇಡ ಅದು. ಆ ಏಳು ವಾರ ನಮ್ಮೂರ ಗಂಡಸರ ಗಡ್ಡ ಮದುಮಕ್ಕಳ ಗಡ್ಡದ ಹಾಗೆ ನುಣ್ಣಗಿತ್ತು. ಬಿದಿನ್ ಅದನ್ನು ಬೆಂಕಿಪೊಟ್ಟಣದಲ್ಲಿ ಪಂಡನ್ ಎಲೆಯ ಚೂರು ಹಾಸಿ ಸಾಕುತ್ತಿದ್ದರು. ಅನ್ನಕ್ಕೆ ಪರಿಮಳಕ್ಕೆ ಅಂತ ನಾನು ಬೆಳೆಸಿದ ಪಂಡನ್, ಜೇಡದ ಹಾಸಿಗೆಯಾಯಿತು. ಪೊಟ್ಟಣದ ಜಾಗ ನೀರಿನ ಹಂಡೆಯ ಪಕ್ಕದ ತಂಪು ಹಲಗೆ. ನನ್ನ ಬೆಂಕಿಪೊಟ್ಟಣದ ಜಾಗ ಒಲೆಯ ಪಕ್ಕ. ಅದು ಇಲ್ಲಿಗೆ ಬರಬಾರದು, ಇದು ಅಲ್ಲಿಗೆ ಹೋಗಬಾರದು. ನಮ್ಮ ಮನೆಯಲ್ಲಿ ಇದ್ದ ಕಾನೂನು ಇದೊಂದೇ.

ಎಂಟನೆಯ ಶುಕ್ರವಾರ ಬೆಳಗ್ಗೆ ಎದ್ದು ಸೀಮೆಎಣ್ಣೆ ಒಲೆ ಹಚ್ಚಲು ಹೋದೆ. ಇನ್ನೂ ಮಸಕು ಮಸಕು. ಒಲೆಯ ಪಕ್ಕ ಕೈ ಹಾಕಿದೆ, ಪೊಟ್ಟಣ ಸಿಕ್ಕಿತು, ತೆಗೆದೆ. ಕಡ್ಡಿಯ ಬದಲು ಪಂಗ್ಲಿಮಾ ಹೊರಗೆ ಬಂದ. ನನ್ನ ಮಣಿಕಟ್ಟಿನ ಮೇಲೆ ಒಂದು ನೆಗೆತ, ನೆಲಕ್ಕೆ ಒಂದು ನೆಗೆತ, ಹಲಗೆಗಳ ಸಂದಿಯಲ್ಲಿ ಮಾಯ. ನಮ್ಮದು ಕಂಬದ ಮೇಲಿನ ಮನೆ, ಕೆಳಗೆ ಕೋಳಿಗಳು. ನಾನು ಲುಂಗಿ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲಿಳಿದು ಓಡುವಷ್ಟರಲ್ಲಿ ಬೋಳು ಕತ್ತಿನ ಹೇಂಟೆ ನೆಲಕ್ಕೆ ಕೊಕ್ಕು ಒರೆಸಿಕೊಳ್ಳುತ್ತಿತ್ತು.

ಹೆದರಿದೆ. ಬಿದಿನ್ ಬೈಯುವವರಲ್ಲ, ಆದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅದನ್ನು ನನ್ನಿಂದ ನೋಡಲಾಗುವುದಿಲ್ಲ. ಅವರು ಬೆಳಗಿನ ನಮಾಜಿಗೆ ಹೋಗಿದ್ದರು. ಬೇಲಿಗೆ ಓಡಿದೆ, ಅಂಟಿದ ಎಲೆ ಹುಡುಕಿದೆ, ಬೊಗಸೆಯಲ್ಲಿ ಹಿಡಿದೆ. ಒಂದು ಗಂಡು ಸಿಕ್ಕಿತು. ಅದೇ ಬಣ್ಣ, ಅದೇ ಪಟ್ಟೆ, ವಯಸ್ಸು ಸ್ವಲ್ಪ ಎಳೆಯದು. ಪೊಟ್ಟಣದಲ್ಲಿದ್ದ ಪಂಡನ್ ಚೂರು ಎಲ್ಲೋ ಉದುರಿ ಹೋಗಿತ್ತು, ಇದನ್ನು ಇದರ ದಾಸವಾಳದ ಎಲೆ ಸಮೇತ ಒಳಗೆ ಹಾಕಿ ಹಂಡೆಯ ಪಕ್ಕ ಇಟ್ಟೆ. ಆಮೇಲೆ ಏನೂ ಆಗದವಳ ಹಾಗೆ ತೆಂಗಿನ ಹಾಲಿಗೆ ಅಕ್ಕಿ ಸುರಿದೆ. ಹೇಗೂ ಸೋಲುತ್ತದೆ, ನಲವತ್ತು ಪೊಟ್ಟಣ ಹೆಚ್ಚಿಗೆ ಕಟ್ಟಿದರಾಯಿತು ಅಂದುಕೊಂಡೆ. ಸೋತರೆ ಬರೀ ಸೋಲು ಅಂದುಕೊಂಡಿದ್ದೆ. ಅಲ್ಲೇ ಎಡವಿದ್ದು.

ಜಗಲಿಯಲ್ಲಿ ನಡೆದದ್ದನ್ನು ಮಾಕ್ ತೆ ಬಂದು ಹೇಳಿದಳು. ಊರಿಗೂರೇ ಸೇರಿತ್ತಂತೆ. ಬಿದಿನ್ ಪೊಟ್ಟಣ ತೆಗೆದು ಜೇಡವನ್ನು ತಟ್ಟೆಗೆ ಬಿಟ್ಟರು. ಮಿಯೋರ್ ಜೇಡ ಇನ್ನೂ ಒಂದು ಕಾಲು ಎತ್ತಿರಲಿಲ್ಲ, ನಮ್ಮದು ತಿರುಗಿ ಓಡಿತು. ಓಡಿದ್ದಲ್ಲದೆ ತಟ್ಟೆಯಿಂದ ಹಾರಿ ಇಮಾಮರ ತೊಡೆಯ ಮೇಲೆ ಹೋಗಿ ಕೂತಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬಿದಿನ್ ನಗಲಿಲ್ಲ. "ತಟ್ಟೆಗೆ ಹೊಗೆಸೊಪ್ಪಿನ ನೀರು ಸವರಿದ್ದೀಯ" ಅಂದರು. ಆ ವಾಸನೆಗೆ ಜೇಡ ನಿಲ್ಲುವುದಿಲ್ಲ. ಜೇಡದವರ ನಡುವೆ ಇದಕ್ಕಿಂತ ಕೆಟ್ಟ ಮಾತಿಲ್ಲ. ಕಳ್ಳ ಅಂದರೂ ಸಹಿಸಿಯಾರು.

ಮಿಯೋರ್ ಏನೂ ಅನ್ನಲಿಲ್ಲವಂತೆ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದರಂತೆ. ಸುಮ್ಮನಿದ್ದವನದೇ ತಪ್ಪು ಅಂತ ಅರ್ಧ ಊರು ತೀರ್ಮಾನ ಮಾಡಿತು.

ಅವತ್ತಿನಿಂದ ಬಿದಿನ್ ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ತಲೆ ಕೂದಲು ಬೆಳೆದರೆ ಪಟ್ಟಣಕ್ಕೆ ಹೋಗಿ ಆಡು ಮೇಯ್ದ ಹಾಗೆ ಕತ್ತರಿಸಿಕೊಂಡು ಬರುತ್ತಿದ್ದರು. ದಿನಾ ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿಬಿಡೋಣ ಅನ್ನಿಸುತ್ತಿತ್ತು. ದಿನಾ ನಾಳೆ ಅಂದುಕೊಳ್ಳುತ್ತಿದ್ದೆ. ಆರು ತಿಂಗಳಾಯಿತು. ಒಂದು ಮಧ್ಯಾಹ್ನ ಊಟ ಮುಗಿಸಿ ಮೆಟ್ಟಿಲ ಮೇಲೆ ಕೂತವರು ಹಾಗೇ ಕಂಬಕ್ಕೆ ಒರಗಿ ಹೋಗಿಬಿಟ್ಟರು. ಗೆಳೆಯನ ಜೊತೆ ಮಾತು ಬಿಟ್ಟುಕೊಂಡೇ ಹೋದರಲ್ಲ ಅನ್ನುವ ಸಂಕಟ ನನಗೆ ಗಂಡ ಸತ್ತ ಸಂಕಟಕ್ಕಿಂತ ಜಾಸ್ತಿಯಾಗಿತ್ತು. ಜನಾಜಾಕ್ಕೆ ಮುಂದೆ ಹೆಗಲು ಕೊಟ್ಟವರು ಮಿಯೋರ್. ಅದನ್ನು ನೋಡಿ ನಾನು ಒಳಗೆ ಓಡಿ ಹೋದೆ.

ಆಮೇಲೆ ಮಿಯೋರ್ ವಾರಕ್ಕೊಮ್ಮೆ ಬೇಲಿ ನೋಡಲು ಬರತೊಡಗಿದರು. ಆಟ ಬಿಟ್ಟಿದ್ದರು. ಎಲೆ ಬಿಡಿಸಿ, ಜೇಡ ನೋಡಿ, ಮತ್ತೆ ಅಲ್ಲೇ ಬಿಡುತ್ತಿದ್ದರು. "ಅಭ್ಯಾಸ, ಕೈ ಸುಮ್ನಿರಲ್ಲ" ಅನ್ನುತ್ತಿದ್ದರು. ನಾನು ಚಹಾ ಕೊಡುತ್ತಿದ್ದೆ. ಮೊದಲು ಬೇಲಿಯ ಹತ್ತಿರ ನಿಂತೇ ಕುಡಿಯುತ್ತಿದ್ದವರು, ವರ್ಷ ಕಳೆದ ಮೇಲೆ ಮೆಟ್ಟಿಲ ಮೇಲೆ ಕೂತು ಕುಡಿಯಲು ಶುರು ಮಾಡಿದರು. ಅವರು ಬಾರದ ವಾರ ನನಗೆ ಸಂಬಾಲ್ ಚಟ್ನಿಯೂ ರುಚಿ ಹತ್ತುತ್ತಿರಲಿಲ್ಲ. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಗೊತ್ತಾಗದಷ್ಟು ದಡ್ಡಿ ನಾನಲ್ಲ.

ಈಗ ಮುಟ್ಟಿತ್ತು. ಹೇಳಿದರೆ ಮಿಯೋರ್ ಕೈ ತಪ್ಪಿ ಹೋಗಬಹುದು. ಮೋಸಗಾರ ಅನ್ನಿಸಿಕೊಂಡು ನಾಲ್ಕೂವರೆ ವರ್ಷ ತಲೆ ತಗ್ಗಿಸಿದವರು ಅವರು. ಹೇಳದಿದ್ದರೆ ದಿನಾ ಅವರ ತಟ್ಟೆಗೆ ಅನ್ನ ಹಾಕುವುದು ಹೇಗೆ? ಒಬ್ಬರಿಗೆ ಹಾಗೆ ಬಚ್ಚಿಟ್ಟು ಬಡಿಸಿದ್ದು ಸಾಕಾಗಿತ್ತು.

ಗುರುವಾರ ಸಂಜೆ ಅವರು ಬಂದರು. ಮದುವೆ ಮಾತಿನಿಂದ ನಾಚಿಕೆಯಾಗಿತ್ತೋ ಏನೋ, ಮೆಟ್ಟಿಲ ಕಡೆ ಬಾರದೆ ಬೇಲಿಯ ಆ ಕೊನೆಯಲ್ಲಿ ನಿಂತು ಎಲೆ ತಡವುತ್ತಿದ್ದರು.

"ಅಲ್ಲೇನಿದೆ? ಇಲ್ಲಿ ಬನ್ನಿ, ಕೂತ್ಕೊಳಿ" ಅಂದೆ.

ಬಂದು ಕೂತರು. ಚಹಾ ಕೊಡಲಿಲ್ಲ. ಕೊಟ್ಟರೆ ಅದು ಆರುವವರೆಗೆ ಮಾತು ಮುಂದೂಡುತ್ತೇನೆ ಅಂತ ನನಗೆ ಗೊತ್ತಿತ್ತು.

"ಅವತ್ತು ನಿಮ್ಮ ತಟ್ಟೆ ಮೇಲೆ ಓಡಿದ್ದು ಪಂಗ್ಲಿಮಾ ಅಲ್ಲ" ಅಂದೆ. "ಪಂಗ್ಲಿಮಾನ ಬೆಳಗ್ಗೆ ಕೋಳಿ ತಿಂದಿತ್ತು. ಪೊಟ್ಟಣ ತೆಗೆದೋಳು ನಾನು. ಬೇಲೀಲಿ ಸಿಕ್ಕಿದ್ದೊಂದನ್ನ ಹಿಡಿದು ಹಾಕಿದ್ದೂ ನಾನೇ. ಅವರಿಗೆ ಹೇಳ್ಲಿಲ್ಲ. ನಿಮಗೂ ಹೇಳ್ಲಿಲ್ಲ."

ಒಂದೇ ಉಸಿರಿಗೆ ಹೇಳಿ ಮುಗಿಸಿ, ಅವರು ಎದ್ದು ಹೋಗುವುದನ್ನು ಕಾಯುತ್ತಾ ಕೂತೆ.

"ಕೋಳಿನಾ?" ಅಂದರು ಮಿಯೋರ್. "ಕೋಳಿ ವಿಷಯ ಗೊತ್ತಿರ್ಲಿಲ್ಲ."

"ಅಂದ್ರೆ? ಉಳಿದಿದ್ದು ಗೊತ್ತಿತ್ತಾ?"

"ಕಾಕ್ ಮೂನಾ, ಏಳು ವಾರ ನನ್ನ ಜೇಡಗಳನ್ನ ಓಡಿಸಿದ ಹುಳ ಅದು. ಅದರ ಮುಖ ನಂಗೆ ಗೊತ್ತಿರಲ್ವಾ? ಎಡಗಾಲಿನ ತುದಿ ಮುರಿದಿತ್ತು ಅದಕ್ಕೆ. ಪೊಟ್ಟಣ ತೆಗೆದ ಕೂಡ್ಲೇ ನೋಡಿದೆ, ಇದು ಬೇರೆ ಅಂತ."

ನನಗೆ ಸಿಟ್ಟು ಬಂತು. ತಪ್ಪೊಪ್ಪಿಕೊಳ್ಳಲು ಕೂತವಳಿಗೆ ಸಿಟ್ಟು ಬರಬಾರದು, ಆದರೂ ಬಂತು. "ಹಾಗಿದ್ರೆ ಬಾಯಲ್ಲಿ ಅವಲಕ್ಕಿ ಇಟ್ಕೊಂಡಿದ್ರಾ? ಅಲ್ಲೇ ಹೇಳ್ಬೇಕಿತ್ತು. ಇದು ನಿನ್ನ ಜೇಡ ಅಲ್ಲ ಕಣೋ ಅಂತ."

ಮಿಯೋರ್ ಬೇಲಿಯ ಕಡೆ ನೋಡಿದರು. "ಹೇಳಿದ್ರೆ ಜನ ಏನಂತಿದ್ರು? ಬಿದಿನ್‌ಗೆ ತನ್ನ ಜೇಡವೇ ಗುರುತು ಸಿಗ್ಲಿಲ್ವಾ ಅಂತಿದ್ರು. ಅವನಿಗೆ ಸಿಕ್ಕಿರ್ಲಿಲ್ಲ. ಕಣ್ಣು ಹೋಗಿತ್ತು ಅವನಿಗೆ. ಪೂರ್ತಿ ಅಲ್ಲ. ಹತ್ತಿರದ್ದು ಮಂಜು ಮಂಜು. ಒಂದು ವರ್ಷದಿಂದ ಜಗಲೀಲಿ ಪಂದ್ಯ ಆದಾಗೆಲ್ಲ ನಾನೇ ಅವನ ಕಿವಿ ಹತ್ರ ಹೇಳ್ತಿದ್ದೆ, ಈಗ ನಿಂದು ಕಾಲೆತ್ತಿತು, ಈಗ ಕಚ್ಚಿತು ಅಂತ. ನಿಮಗೆ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. ಗೊತ್ತಾದ್ರೆ ಮೂನಾ ಮರ ಕೆತ್ತೋಕೆ ಬಿಡಲ್ಲ, ಕತ್ತಿ ಕಿತ್ಕೊಂಡು ಮನೇಲಿ ಕೂರಿಸ್ತಾಳೆ ಅಂತಿದ್ದ."

ಕೂರಿಸುತ್ತಿದ್ದೆ, ನಿಜ. ಹಂಡೆಯ ಪಕ್ಕ ಇರಬೇಕಾದ ಪೊಟ್ಟಣ ಅವತ್ತು ಒಲೆಯ ಪಕ್ಕಕ್ಕೆ ಹೇಗೆ ಬಂತು ಅಂತ ನಾಲ್ಕೂವರೆ ವರ್ಷದಲ್ಲಿ ಒಂದು ಸಲವೂ ಯೋಚಿಸಿರಲಿಲ್ಲ. ಕಣ್ಣು ಮಂಜಾಗಿ ಅವರೇ ಜಾಗ ತಪ್ಪಿ ಇಟ್ಟಿರಬೇಕು. ಒಂದೇ ಚಾಪೆಯಲ್ಲಿ ಮಲಗಿದ್ದ ನನಗೆ ಅವರ ಕಣ್ಣಿನ ವಿಷಯ ತಿಳಿಯಲಿಲ್ಲ. ಕ್ಷೌರದವರಿಗೆ ತಿಳಿದಿತ್ತು.

"ಆದ್ರೂ ನಿಮ್ಮನ್ನ ಮೋಸಗಾರ ಅಂದ್ಕೊಂಡೇ ಹೋದ್ರಲ್ಲ ಅವರು" ಅಂದೆ. "ಅದು ನನ್ನಿಂದ."

ಮಿಯೋರ್ ತಲೆ ಎತ್ತಿ ನನ್ನನ್ನು ನೋಡಿದರು. ಆಶ್ಚರ್ಯ ನಿಜವಾದದ್ದು, ನಾಟಕದ್ದಲ್ಲ. "ಅವನು ನಿಮಗೆ ಹೇಳಿರ್ಲಿಲ್ವಾ?"

"ಏನನ್ನ?"

"ಬಂದಿದ್ದ. ಹೋಗೋಕೆ ಮೂರು ದಿನ ಮುಂಚೆ. ಅಂಗಡಿ ಬಾಗಿಲು ತೆಗೀತಿದ್ದೆ, ಹಿಂದೆ ನಿಂತಿದ್ದ. ಒಳಗೆ ಬಂದು ಕುರ್ಚೀಲಿ ಕೂತ. ನಾನು ಬಟ್ಟೆ ಹೊದಿಸಿ ಕೂದಲು ಕತ್ತರಿಸೋಕೆ ಶುರು ಮಾಡಿದೆ. ಅರ್ಧ ತಲೆ ಆದ್ಮೇಲೆ ಬಾಯಿ ಬಿಟ್ಟ. 'ಮಿಯೋರ್, ಆ ಪೊಟ್ಟಣ ಮನೆಗೆ ತಗೊಂಡು ಹೋಗಿ ಮೂಸಿ ನೋಡ್ದೆ. ಪಂಡನ್ ವಾಸನೇನೇ ಇರ್ಲಿಲ್ಲ. ದಾಸವಾಳದ ಎಲೆ. ಮೂನಾ ಏನೋ ಮಾಡ್ಕೊಂಡಿದ್ದಾಳೆ' ಅಂದ. ಅವತ್ತು ಸಂಜೆನೇ ಗೊತ್ತಾಗಿತ್ತಂತೆ. ಆರು ತಿಂಗಳು ನಾಚಿಕೆ ಪಟ್ಕೊಂಡು ಓಡಾಡಿದ್ದಾನೆ, ಹುಚ್ಚ. ಆಮೇಲೆ ಇಬ್ರೂ ನಕ್ಕಿದ್ದೇ ನಕ್ಕಿದ್ದು, ನನ್ನ ಕೈ ನಡುಗಿ ಕಿವಿ ಹತ್ರ ಒಂಚೂರು ಗಾಯ ಆಯ್ತು. ಎದ್ದು ಹೋಗುವಾಗ, 'ಅವಳು ತಾನಾಗಿ ಹೇಳೋವರೆಗೂ ಕೇಳಬೇಡ, ಹೆದರ್ತಾಳೆ' ಅಂದ. ಮನೆಗೆ ಹೋಗಿ ರಾಜಿ ಆಯ್ತು ಅಂತಾದ್ರೂ ಹೇಳಿರ್ತಾನೆ ಅಂದ್ಕೊಂಡೆ ನಾನು."

ಹೇಳಿರಲಿಲ್ಲ. ಹೇಳಿದರೆ ಪೊಟ್ಟಣದ ಮಾತು ಬರುತ್ತದೆ, ಪೊಟ್ಟಣದಿಂದ ಕಣ್ಣಿನ ಮಾತು ಬರುತ್ತದೆ ಅಂತ ಸುಮ್ಮನಾಗಿರಬೇಕು. ಕೊನೆಯ ದಿನ ಮುಖಕ್ಕೆ ಬಟ್ಟೆ ಹೊದಿಸುವ ಮೊದಲು ಅವರ ಹಣೆ ಸವರಿದ್ದು ನೆನಪಾಯಿತು. ಕೂದಲು ನೀಟಾಗಿತ್ತು, ಕಿವಿಯ ಹತ್ತಿರ ಸಣ್ಣ ಗಾಯದ ಗೆರೆ ಇತ್ತು. ಪಟ್ಟಣದ ಕ್ಷೌರಿಕ ಅಂತೂ ಇಂತೂ ಕೆಲಸ ಕಲಿತ ಅಂದುಕೊಂಡಿದ್ದೆ.

ನಾನು ಒಳಗೆ ಹೋಗಿ ಹಂಡೆಯ ಪಕ್ಕ ಕೂತು ಅತ್ತೆ. ನಾಲ್ಕು ವರ್ಷದ ಹಿಂದೆ ಅಳಲಾಗದೆ ಉಳಿದಿದ್ದನ್ನೂ ಸೇರಿಸಿ ಅತ್ತೆ. ಅವರು ಮನಸ್ಸಿನಲ್ಲಿ ಯಾವ ಗಂಟೂ ಇಟ್ಟುಕೊಳ್ಳದೆ ಹೋಗಿದ್ದರು. ಆ ಮೂರು ದಿನ ಅವರು ತಮ್ಮಷ್ಟಕ್ಕೆ ಯಾವುದೋ ಹಾಡು ಗುನುಗುತ್ತಿದ್ದುದು ಈಗ ನೆನಪಾಯಿತು. ಅಳು ಮುಗಿದ ಮೇಲೆ ಮೈ ಹಗುರವಾಯಿತು. ಮುಖ ತೊಳೆದು, ಎರಡು ಲೋಟ ಚಹಾ ಮಾಡಿಕೊಂಡು ಹೊರಗೆ ಬಂದೆ. ಮಿಯೋರ್ ಎಲ್ಲಿ ಕೂತಿದ್ದರೋ ಅಲ್ಲೇ ಇದ್ದರು.

"ನೀವು ಮೂರೂ ಜನ ಸೇರಿ ಎಂಥಾ ಕೆಲಸ ಮಾಡಿದಿರಿ ನೋಡಿ" ಅಂದರು, ಲೋಟ ತೆಗೆದುಕೊಳ್ಳುತ್ತಾ. "ನೀವು, ಬಿದಿನ್, ಆ ಕೋಳಿ."

"ನಾಲ್ಕು ಜನ. ನಿಮ್ಮನ್ನ ಬಿಡೋಕಾಗುತ್ತಾ?"

ಇಬ್ಬರೂ ಚಹಾ ಕುಡಿದೆವು. ಆಮೇಲೆ ನಾನೇ ಅಂದೆ, "ನಾಳೆ ಮಾಕ್ ತೆ ಜೊತೆ ನೀವೂ ಬನ್ನಿ."

"ಉಂಗುರ ತರುವಾಗ ಗಂಡು ಬರೋ ಪದ್ಧತಿ ಇಲ್ವಲ್ಲ. ಅವಳು ನನ್ನ ಚರ್ಮ ಸುಲೀತಾಳೆ."

"ಪದ್ಧತಿ ನಂಗೂ ಗೊತ್ತು. ಆದ್ರೂ ಬನ್ನಿ. ಒಬ್ಬರಿಗೆ ಹೇಳ್ಬೇಕಾದ್ದನ್ನ ಇನ್ನೊಬ್ಬರ ಕೈಲಿ ಕಳಿಸಿ ಕಳಿಸಿ, ಹೇಳ್ದೆ ಇಟ್ಕೊಂಡು ಇಟ್ಕೊಂಡು, ಸಾಕಾಗಿದೆ ನಂಗೆ. ನಿಮಗೆ ಹೇಳೋದನ್ನ ನಿಮ್ಮ ಮುಖ ನೋಡ್ಕೊಂಡೇ ಹೇಳ್ಬೇಕು."

ಮಿಯೋರ್ ಲೋಟ ಮೆಟ್ಟಿಲ ಮೇಲೆ ಇಟ್ಟರು. ಇಸ್ತ್ರಿ ಅಂಗಿಯ ತೋಳು ಎಳೆದುಕೊಂಡರು. "ಹಾಗಿದ್ರೆ ನಾಳೆವರೆಗೂ ಯಾಕೆ?" ಅಂದರು. "ಮುಖ ಇಲ್ಲೇ ಇದೆಯಲ್ಲ."

ನಾನು ಆ ಮುಖ ನೋಡಿಕೊಂಡು ಹೂಂ ಅಂದೆ.